ಕೆರೆ ಹಿಂದಿನ ಜೌಗಿಗೆ ಚಾಪೆ ಹುಲ್ಲು: ನಾಟಿ ಮಾಡೋ ಮೊದಲು ನೇಯೋರನ್ನ ಹುಡುಕಿ

ಕೆರೆ ತುಂಬಿದ ವರ್ಷ ಊರಿಗೆಲ್ಲ ಖುಷಿ. ಆದರೆ ಏರಿ ಹಿಂದೆನೇ ಗದ್ದೆ ಇರೋರನ್ನ ಕೇಳಿ ನೋಡಿ, ಅವರ ಕಷ್ಟ ಬೇರೆ. ಏರಿಯಿಂದ ಜಿನುಗಿದ ನೀರು ಅವರ ಗದ್ದೆಯಲ್ಲೇ ನಿಲ್ಲುತ್ತೆ. ರಾಗಿ ಹಾಕಿದರೆ ಕೊಳೆಯುತ್ತೆ, ಟ್ರ್ಯಾಕ್ಟರ್ ಇಳಿಸಿದರೆ ಹೂತುಕೊಳ್ಳುತ್ತೆ, ಅಡಿಕೆ ಇಟ್ಟರೆ ಬೇರು ಉಸಿರು ಕಟ್ಟುತ್ತೆ. ಕೊನೆಗೆ ಆ ಹತ್ತು ಗುಂಟೆ, ಇಪ್ಪತ್ತು ಗುಂಟೆ ಜೊಂಡು ಬೆಳೆದು ಹಾಳು ಬೀಳುತ್ತೆ. ಶಿರಾ ತಾಲ್ಲೂಕಿನ ಹುಲಿಕುಂಟೆ ಹೋಬಳಿ ಇರಲಿ, ಮಧುಗಿರಿ, ಕೊರಟಗೆರೆ, ಪಾವಗಡ ಇರಲಿ, ಕೆರೆ ಇರೋ ಊರಲ್ಲೆಲ್ಲ ಇಂಥ ತುಂಡು ಜಮೀನು ಕಾಣುತ್ತೆ.

ಈ ವಾರ ಆ ತುಂಡು ಜಮೀನಿನ ಬಗ್ಗೆನೇ ಮಾತಾಡೋಣ. ಅಲ್ಲಿ ಚಾಪೆ ನೇಯೋ ಹುಲ್ಲು ಬೆಳೆದು ಆದಾಯ ಮಾಡಬಹುದಾ? ಮಾಡಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀವಿ: ಹಸಿ ಹುಲ್ಲು ಮಾರಿದರೆ ದುಡ್ಡಿಲ್ಲ. ದುಡ್ಡಿರೋದು ಸೀಳಿ, ಒಣಗಿಸಿ, ನೇಯೋ ಕೈಯಲ್ಲಿ. ಅದಕ್ಕೇ ಹುಲ್ಲಿನ ಗಡ್ಡೆ ಹುಡುಕೋ ಮೊದಲು ನೇಯೋ ಕೈ ಹುಡುಕಬೇಕು.

ಹೆಸರು ಕೇಳಬೇಡಿ, ಗುರುತು ನೋಡಿ

ಜೊಂಡು, ಜಂಬು, ಆಪು ಅಂತ ನಮ್ಮಲ್ಲಿ ಹಲವು ಹೆಸರಿವೆ. ಒಂದೂರಲ್ಲಿ ಜಂಬು ಅನ್ನೋದನ್ನ ಪಕ್ಕದೂರಲ್ಲಿ ಆಪು ಅಂತಾರೆ. ಹೆಸರು ನಂಬಿಕೊಂಡು ಗಡ್ಡೆ ತಂದರೆ ಮೋಸ ಹೋಗ್ತೀರಿ. ಗುರುತು ಹೀಗಿದೆ.

ಒಂದು ಜಾತಿಗೆ ಕತ್ತಿಯಂಥ ಚಪ್ಪಟೆ ಉದ್ದ ಎಲೆ. ತುದಿಯಲ್ಲಿ ಕಂದು ಬಣ್ಣದ, ಊದುಬತ್ತಿ ಕಟ್ಟಿನಂಥ ದಪ್ಪ ಹೂ. ಒಣಗಿದಾಗ ಹತ್ತಿಯಂತೆ ಹಾರುತ್ತೆ. ಇದರ ವೈಜ್ಞಾನಿಕ ಹೆಸರು ಟೈಫಾ. ಕೆರೆ ಅಂಗಳ ತುಂಬಿಕೊಳ್ಳೋದು ಹೆಚ್ಚಾಗಿ ಇದೇ. ಎಲೆ ಒಳಗೆ ಸ್ಪಂಜಿನ ಥರ ಇರುತ್ತೆ. ಒರಟು ಚಾಪೆ, ಹೊದಿಕೆ, ಹಗ್ಗ ಹೊಸೆದು ಮಾಡೋ ಬುಟ್ಟಿ ಇಂಥದ್ದಕ್ಕೆ ಆಗುತ್ತೆ.

ಇನ್ನೊಂದು ಜಾತಿಗೆ ಎಲೆಗಿಂತ ಕಾಂಡವೇ ಮುಖ್ಯ. ನೆಲದಿಂದ ನೇರವಾಗಿ ನಾಲ್ಕೈದು ಅಡಿ ಗೆಣ್ಣಿಲ್ಲದೆ ಏಳುತ್ತೆ, ತುದಿಯಲ್ಲಿ ಛತ್ರಿ ಬಿಚ್ಚಿದಂತೆ ಸಣ್ಣ ಹೂಗೊಂಚಲು. ಕಾಂಡ ಕತ್ತರಿಸಿ ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ತಗಲುತ್ತೆ, ಒಳಗೆ ಬಿಳಿ ತಿರುಳು ಇರುತ್ತೆ. ಇದು ಸೈಪರಸ್ ಗುಂಪು. ನಯವಾದ ಚಾಪೆಗೆ ಬೇಕಾಗಿರೋದು ಈ ಗುಂಪಿನ ಸೈಪರಸ್ ಪ್ಯಾಂಗೋರೈ ಅನ್ನೋ ಜಾತಿ. ತಮಿಳರು ಇದನ್ನ ಕೋರೈ ಅಂತಾರೆ. ಈ ಲೇಖನದಲ್ಲಿ ನಾವು ಚಾಪೆ ಹುಲ್ಲು ಅಂತ ಕರೆಯೋದು ಇದನ್ನೇ.

ಒಂದು ಎಚ್ಚರಿಕೆ. ಹೊಲದಲ್ಲಿ ನಮ್ಮನ್ನ ಕಾಡೋ ಜೇಕು, ಅಂದರೆ ಕೊನ್ನಾರಿ ಗಡ್ಡೆ, ಇದೇ ಗುಂಪಿನದು. ಚಾಪೆ ಹುಲ್ಲೂ ನೆಲದೊಳಗಿನ ಕಾಂಡದಿಂದಲೇ ಹಬ್ಬುತ್ತೆ. ಬದು ಗಟ್ಟಿ ಇಲ್ಲದಿದ್ದರೆ ಪಕ್ಕದವರ ಗದ್ದೆಗೂ ಹೋಗುತ್ತೆ, ಜಗಳಕ್ಕೂ ದಾರಿ ಆಗುತ್ತೆ. ಅನುಮಾನ ಇದ್ದರೆ ಬೇರು, ಕಾಂಡ, ಹೂ ಮೂರೂ ಇರೋ ಒಂದು ಗಿಡ ಕಿತ್ತು ಹಿರೇಹಳ್ಳಿ ಅಥವಾ ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ. ಫೋಟೋ ಕಳಿಸೋದಾದರೆ ಕಾಂಡ ಅಡ್ಡ ಕತ್ತರಿಸಿದ ಫೋಟೋನೂ ಇರಲಿ.

ಇದನ್ನ ನಂಬಿ ಬದುಕ್ತಿರೋರು ಎಲ್ಲಿದ್ದಾರೆ?

ತಮಿಳುನಾಡಿನ ಕರೂರು, ನಾಮಕ್ಕಲ್, ತಿರುಚ್ಚಿ ಜಿಲ್ಲೆಗಳ ಕಾವೇರಿ ದಂಡೆಯಲ್ಲಿ ಕೋರೈ ಒಂದು ಬೆಳೆ. ಭತ್ತ, ಬಾಳೆ ಪಕ್ಕದಲ್ಲೇ ಇದನ್ನೂ ಹಾಕ್ತಾರೆ. ಮುಸಿರಿ ಪಟ್ಟಣ ಕೋರೈ ಚಾಪೆಗೆ ಹೆಸರುವಾಸಿ. ಅಲ್ಲಿ ಈಗ ಪವರ್‌ಲೂಮ್‌ನಲ್ಲೂ ಚಾಪೆ ನೇಯ್ತಾರೆ.

ತಿರುನೆಲ್ವೇಲಿ ಜಿಲ್ಲೆಯ ಪತ್ತಮಡೈ ಇನ್ನೊಂದು ಬಗೆ. ತಾಮ್ರಪರ್ಣಿ ಸೀಮೆಯ ಈ ಊರಲ್ಲಿ ಹುಲ್ಲನ್ನ ದಾರದಷ್ಟು ಸಣ್ಣಗೆ ಸೀಳಿ, ಬಟ್ಟೆ ಥರ ಮಡಚಬಹುದಾದ ಚಾಪೆ ನೇಯ್ತಾರೆ. ನೇಯೋರಲ್ಲಿ ಹೆಚ್ಚಿನವರು ಮುಸ್ಲಿಂ ಕುಟುಂಬದ ಹೆಂಗಸರು. ಮದುವೆಗೆ ವಧೂವರರ ಹೆಸರು ನೇಯ್ದ ಚಾಪೆ ಮಾಡಿಸೋ ರೂಢಿ ಇದೆ. ಪಶ್ಚಿಮ ಬಂಗಾಳದ ಮೇದಿನಿಪುರ ಸೀಮೆಯ ಸಬಂಗ್ ಕಡೆ ಇದೇ ಗುಂಪಿನ ಹುಲ್ಲನ್ನ ಮಾದುರ್‌ಕಾಠಿ ಅಂತ ಕರೆದು ಗದ್ದೆಯಲ್ಲಿ ಬೆಳೀತಾರೆ. ಪತ್ತಮಡೈ ಚಾಪೆಗೂ ಬಂಗಾಳದ ಮಾದುರ್‌ಕಾಠಿಗೂ ಭೌಗೋಳಿಕ ಸೂಚಿ, ಅಂದರೆ ಜಿಐ ಮನ್ನಣೆ ಸಿಕ್ಕಿದೆ.

ಈ ಊರುಗಳಿಂದ ನಾವು ಕಲಿಯೋದು ಏನಪ್ಪಾ ಅಂದರೆ, ಸಾದಾ ಚಾಪೆಯಲ್ಲಿ ಮುಸಿರಿಯ ಪವರ್‌ಲೂಮ್ ಜೊತೆ ನಾವು ಪೈಪೋಟಿ ಮಾಡೋಕೆ ಆಗಲ್ಲ. ಪ್ಲಾಸ್ಟಿಕ್ ಚಾಪೆ ಜೊತೆ ಅಂತೂ ರೇಟಲ್ಲಿ ಗೆಲ್ಲೋಕೇ ಆಗಲ್ಲ. ಕೈನೇಯ್ಗೆ ಉಳಿದಿರೋದು ಅಳತೆ ಹೇಳಿ ಮಾಡಿಸೋ ಮಾಲಲ್ಲಿ, ನಯವಾದ ಮಾಲಲ್ಲಿ, ಚೀಲ, ಊಟದ ತಟ್ಟೆ ಕೆಳಗಿನ ಹಾಸು, ಕಿಟಕಿ ಪರದೆ ಇಂಥ ಸಣ್ಣ ಸಾಮಾನಲ್ಲಿ.

ನಮ್ಮಲ್ಲಿ ಎಲ್ಲಿ ಹಾಕಬಹುದು? ಎಲ್ಲಿ ಬೇಡವೇ ಬೇಡ?

ನಮ್ಮ ನಾಲ್ಕೂ ತಾಲ್ಲೂಕು ಮಳೆ ಕಡಿಮೆ ಇರೋ ಸೀಮೆ. ಅಂತರ್ಜಲವನ್ನ ಅತಿಯಾಗಿ ಎತ್ತಿ ಬರಿದು ಮಾಡಿಕೊಂಡಿದ್ದೀವಿ. ಹಾಗಾಗಿ ಮೊದಲ ನಿಯಮ: ಚಾಪೆ ಹುಲ್ಲಿಗೆ ಅಂತ ಬೋರ್‌ವೆಲ್ ನೀರು ಹಾಯಿಸಬೇಡಿ. ನೀರು ತಾನಾಗೇ ನಿಲ್ಲೋ ಜಾಗದಲ್ಲಿ ಮಾತ್ರ ಇದು ಲಾಭದ ಬೆಳೆ. ನೀರು ಎತ್ತಿ ಬೆಳೆಯೋದಾದರೆ ಅದೇ ನೀರಿಗೆ ತರಕಾರಿನೋ ಮೇವಿನ ಜೋಳನೋ ಹಾಕೋದು ಮೇಲು.

ಹಾಕಬಹುದಾದ ಜಾಗ:
- ಏರಿ ಹಿಂದಿನ ಜೌಗು ಗದ್ದೆ, ತೂಬಿನ ಕಾಲುವೆ ಬದಿ. ಹೇಮಾವತಿ ನೀರು ಬರೋ ಕಳ್ಳಂಬೆಳ್ಳ, ಶಿರಾ ಕೆರೆಗಳ ಅಚ್ಚುಕಟ್ಟಲ್ಲಿ ಇಂಥ ಜಾಗ ಇದೆಯಾ ನೋಡಿ.
- ಕೊರಟಗೆರೆ, ಮಧುಗಿರಿ ಕಡೆ ಜಯಮಂಗಲಿ, ಸುವರ್ಣಮುಖಿ ಹಳ್ಳದ ಪಕ್ಕದ ತಗ್ಗು ಪಟ್ಟಾ ಜಮೀನು.
- ಊರಿನ ಬಚ್ಚಲು ನೀರು ಬಂದು ಸೇರೋ ನಿಮ್ಮ ಸ್ವಂತ ತಗ್ಗು. ಇಂಥ ಹುಲ್ಲು ಕೊಳೆ ನೀರನ್ನ ಸ್ವಲ್ಪ ಸೋಸುತ್ತೆ. ಆದರೆ ಅಲ್ಲಿ ಬೆಳೆದದ್ದನ್ನ ಊಟದ ಹಾಸಿಗೆ ಬಳಸಬೇಡಿ. ಕೆಲಸಕ್ಕೆ ಇಳಿಯೋರು ಬೂಟು, ಕೈಗವಸು ಹಾಕ್ಕೊಳ್ಳಲಿ.

ಬೇಡವಾದ ಜಾಗ:
- ಬೆದ್ದಲು ಹೊಲ. ಪಾವಗಡದ ಕಡ್ಲೆಕಾಯಿ ಹೊಲದಲ್ಲಿ ಇದು ಬರಲ್ಲ, ಪ್ರಯತ್ನನೂ ಬೇಡ.
- ಕೆರೆ ಅಂಗಳ. ಅದು ಸರ್ಕಾರದ ಜಾಗ. ಅಲ್ಲಿ ನಾಟಿ ಮಾಡಿದರೆ ಒತ್ತುವರಿ ಆಗುತ್ತೆ. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಇರೋ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತವೆ, ಅದಕ್ಕಿಂತ ಸಣ್ಣವು ಪಂಚಾಯತಿ ವ್ಯವಸ್ಥೆಗೆ. ತಾನಾಗೇ ಬೆಳೆದಿರೋ ಜೊಂಡು ಕೊಯ್ಕೊಳ್ಳೋಕೂ ಪಂಚಾಯತಿ ಪಿಡಿಒ ಹತ್ತಿರ ಕೇಳಿ, ಸಾಧ್ಯ ಆದರೆ ಬರಹದಲ್ಲಿ ಪಡೀರಿ.

ಕೆರೆ ಜೊಂಡು ಕೊಯ್ಯೋಕೆ ಅನುಮತಿ ಸಿಕ್ಕರೆ ಪೂರ್ತಿ ಬೋಳಿಸಬೇಡಿ, ಮೂರರಲ್ಲಿ ಒಂದು ಪಾಲು ಬಿಡಿ. ಜಂಬುಕೋಳಿಯಂಥ ಹಕ್ಕಿಗಳು ಗೂಡು ಕಟ್ಟೋದು ಅದರೊಳಗೇ.

ನಾಟಿಯಿಂದ ಕೊಯ್ಲಿನವರೆಗೆ

ಮೊದಲ ವರ್ಷ ಒಂದೇ ಗುಂಟೆ ಹಾಕಿ. ಗುಂಟೆ ಅಂದರೆ 1,089 ಚದರ ಅಡಿ. ಅಡಿಗೊಂದು ಗಡ್ಡೆ ತುಂಡು ಇಟ್ಟರೆ ಸುಮಾರು 1,000 ತುಂಡು ಸಾಕು. ನಿಮ್ಮ ಹಳ್ಳದಲ್ಲೇ ಸರಿಯಾದ ಜಾತಿ ಇದ್ದರೆ ಅಲ್ಲಿಂದಲೇ ತನ್ನಿ. ಎರಡು ಮೂರು ಮೊಳಕೆ ಇರೋ ಹಾಗೆ ತುಂಡು ಮಾಡಿ, ಬೇರು ಒಣಗದಂತೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ತನ್ನಿ.

ಮುಂಗಾರು ಶುರುವಾದ ಮೇಲೆ ಭತ್ತದ ಗದ್ದೆ ಥರ ಕೆಸರು ಮಾಡಿ, ಕೊಟ್ಟಿಗೆ ಗೊಬ್ಬರ ಹಾಕಿ ನಾಟಿ ಮಾಡಿ. ಮೊದಲ ಎರಡು ಮೂರು ತಿಂಗಳು ಕಳೆ ಕೀಳಲೇಬೇಕು. ಆಮೇಲೆ ಹುಲ್ಲೇ ದಟ್ಟವಾಗಿ ಬೆಳೆದು ಕಳೆನ ಅಡಗಿಸುತ್ತೆ. ನೆಲ ಸದಾ ಒದ್ದೆ ಇರಲಿ, ಆದರೆ ಸಣ್ಣ ಮೊಳಕೆ ಮುಳುಗೋಷ್ಟು ನೀರು ಬೇಡ. ಸುತ್ತ ಒಂದು ಆಳದ ಬಸಿಗಾಲುವೆ ತೆಗೆದರೆ ಗಡ್ಡೆ ಆಚೆ ಹಬ್ಬೋದು ತಪ್ಪುತ್ತೆ.

ಮೊದಲ ಕೊಯ್ಲಿನ ಕಡ್ಡಿ ಸಣ್ಣ, ಉದ್ದನೂ ಕಡಿಮೆ. ಬೇಜಾರಾಗಬೇಡಿ, ಅದನ್ನ ಕೈ ಪಳಗಿಸೋಕೆ ಇಟ್ಕೊಳ್ಳಿ. ಒಮ್ಮೆ ಬೇರು ಹಿಡಿದರೆ ಇದು ಬಹುವಾರ್ಷಿಕ ಬೆಳೆ, ಪ್ರತಿ ವರ್ಷ ನಾಟಿ ಇಲ್ಲ. ನೀರು ಇದ್ದಷ್ಟು ಕಾಲ ವರ್ಷಕ್ಕೆ ಒಂದು ಅಥವಾ ಎರಡು ಕೊಯ್ಲು ಸಿಗುತ್ತೆ.

ಕೊಯ್ಲಿನ ಕಾಲ ಬಹಳ ಮುಖ್ಯ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ದೊಡ್ಡ ಮಳೆ. ಆಗ ಕೊಯ್ದರೆ ಒಣಗಲ್ಲ, ಕಪ್ಪಾಗುತ್ತೆ, ಬೂಷ್ಟು ಹಿಡಿಯುತ್ತೆ. ಜನವರಿಯಿಂದ ಏಪ್ರಿಲ್ ಒಳಗೆ, ಆಕಾಶ ತಿಳಿಯಾಗಿರೋ ವಾರ ನೋಡಿ ಕೊಯ್ಯಿರಿ. ಕೊಯ್ಯೋ ಹಿಂದಿನ ದಿನ ಮೊಬೈಲಲ್ಲಿ ಹವಾಮಾನ ನೋಡೋದು ಇಲ್ಲಿ ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ. ಕಡ್ಡಿ ಹಸಿರಾಗಿ, ಹೂ ಬಲಿತು ಒಣಗೋ ಮೊದಲೇ, ಬುಡಕ್ಕೆ ಕುಡುಗೋಲು ಹಾಕಿ ಕೊಯ್ಯಿರಿ. ಬಲಿತು ಹಳದಿಯಾದ ಕಡ್ಡಿ ಸೀಳುವಾಗ ಮುರಿಯುತ್ತೆ.

ಸೀಳೋದು, ಒಣಗಿಸೋದು: ಮಾಲಿನ ಬೆಲೆ ನಿರ್ಧಾರ ಆಗೋದು ಇಲ್ಲೇ

1. ಕೊಯ್ದ ದಿನವೇ ಉದ್ದದ ಪ್ರಕಾರ ವಿಂಗಡಿಸಿ. ಉದ್ದದ್ದು ಚಾಪೆಗೆ, ಮಧ್ಯಮ ಚೀಲಕ್ಕೆ, ಗಿಡ್ಡದ್ದು ಊಟದ ಹಾಸಿಗೆ.
2. ಹಸಿ ಇದ್ದಾಗಲೇ ಉದ್ದಕ್ಕೆ ಸೀಳಿ. ಒರಟು ಚಾಪೆಗೆ ಎರಡು ಮೂರು ಸೀಳು ಸಾಕು. ಒಳಗಿನ ತಿರುಳು ಕೆರೆದು ತೆಗೆದಷ್ಟೂ ಮಾಲು ನಯ.
3. ಬಿಸಿಲಲ್ಲಿ ತೆಳ್ಳಗೆ ಹರಡಿ ಮೂರು ನಾಲ್ಕು ದಿನ ಒಣಗಿಸಿ. ಸಂಜೆ ಎತ್ತಿಡಿ, ಇಬ್ಬನಿ ಬಿದ್ದರೆ ಕಲೆ ಆಗುತ್ತೆ. ಮಣ್ಣಿನ ಮೇಲೆ ಬೇಡ, ಟಾರ್ಪಾಲು ಅಥವಾ ಕಣದ ಮೇಲೆ ಹರಡಿ.
4. ಒಣಗಿದ್ದನ್ನ ಕಟ್ಟು ಕಟ್ಟಿ, ಗಾಳಿಯಾಡೋ ಅಟ್ಟದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿದರೆ ಬೂಷ್ಟು ಖಂಡಿತ.

ಪತ್ತಮಡೈನ ನಯ ಚಾಪೆಗೆ ಇಷ್ಟು ಸಾಲದು. ಒಣಗಿದ ಹುಲ್ಲನ್ನ ಹಲವು ದಿನ ಹರಿಯೋ ನೀರಲ್ಲಿ ನೆನೆಹಾಕಿ, ಅದು ಉಬ್ಬಿದ ಮೇಲೆ ಮತ್ತೆ ಒಣಗಿಸಿ ಇನ್ನೂ ಸಣ್ಣಗೆ ಸೀಳ್ತಾರೆ. ಅದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು. ನಾವು ಮೊದಲು ಮಧ್ಯಮ ದರ್ಜೆಯ ಮಾಲು ಚೆನ್ನಾಗಿ ಮಾಡೋದು ಕಲಿಯೋಣ.

ನೇಯ್ಗೆಗೆ ದೊಡ್ಡ ಮಗ್ಗ ಬೇಡ. ನೆಲದ ಮೇಲೆ ಎರಡು ಬಿದಿರು ಗಳು, ಅವುಗಳ ನಡುವೆ ಬಿಗಿಯಾಗಿ ಎಳೆದ ಹತ್ತಿ ಅಥವಾ ಸೆಣಬಿನ ದಾರ ಹಾಸು. ಒದ್ದೆ ಮಾಡಿದ ಹುಲ್ಲೇ ಹೊಕ್ಕು. ಒಬ್ಬರು ಹುಲ್ಲು ತೂರಿಸಿದರೆ ಇನ್ನೊಬ್ಬರು ಹಣಿಗೆಯಿಂದ ಒತ್ತಬೇಕು. ಅಂಚು ಬಿಚ್ಚಿಕೊಂಡ ಚಾಪೆನ ಗಿರಾಕಿ ಎರಡನೇ ಸಲ ಕೊಳ್ಳಲ್ಲ, ಆದ್ದರಿಂದ ಅಂಚಿಗೆ ಬಟ್ಟೆ ಪಟ್ಟಿ ಹೊಲಿಸಿ.

ಗಂಟೆಗೆ ಎಷ್ಟು ಗಿಟ್ಟುತ್ತೆ? ಈ ಲೆಕ್ಕ ಹಾಕಿ

ಎಕರೆಗೆ ಎಷ್ಟು ಲಾಭ ಅಂತ ಕೇಳೋದು ನಮಗೆಲ್ಲ ಅಭ್ಯಾಸ. ಈ ಕಸುಬಲ್ಲಿ ಆ ಪ್ರಶ್ನೆ ಉಪಯೋಗಕ್ಕೆ ಬರಲ್ಲ. ಗಂಟೆಗೆ ಎಷ್ಟು ಅಂತ ಕೇಳಬೇಕು. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸೋಕೆ ಇಟ್ಟ ಮಾದರಿ ಅಷ್ಟೇ, ಪೇಟೆ ಧಾರಣೆ ಅಲ್ಲ.

ಒಂದು ಚಾಪೆ 400 ರೂಪಾಯಿಗೆ ಹೋಯ್ತು ಅಂದ್ಕೊಳ್ಳಿ. ದಾರ, ಬಣ್ಣ, ಸಾಗಾಟಕ್ಕೆ 100 ರೂಪಾಯಿ. ಉಳಿದದ್ದು 300. ಸೀಳೋದು, ನೇಯೋದು, ಅಂಚು ಕಟ್ಟೋದು ಎಲ್ಲ ಸೇರಿ ಇಬ್ಬರ ದುಡಿಮೆ 12 ಗಂಟೆ ಆದರೆ ಗಂಟೆಗೆ ಸಿಕ್ಕಿದ್ದು 25 ರೂಪಾಯಿ. ಅದೇ ಹುಲ್ಲಲ್ಲಿ ಆರು ಊಟದ ಹಾಸಿನ ಒಂದು ಸೆಟ್ ಮಾಡಿ 600 ರೂಪಾಯಿಗೆ ಕೊಟ್ಟು, 60 ಖರ್ಚಾಗಿ, 10 ಗಂಟೆ ಹಿಡಿದರೆ ಗಂಟೆಗೆ 54 ರೂಪಾಯಿ.

ನೋಡಿ, ಹುಲ್ಲು ಒಂದೇ, ಮಾಲು ಬೇರೆ ಆದ ತಕ್ಷಣ ಕೂಲಿ ಎರಡರಷ್ಟಾಯ್ತು. ನಿಮ್ಮ ಮನೆಯಲ್ಲಿ ಮೊದಲ ಐದು ಸಾಮಾನು ಮಾಡುವಾಗ ಮೊಬೈಲಲ್ಲಿ ಟೈಮರ್ ಹಾಕಿ ಬರೆದಿಡಿ. ನಿಮ್ಮೂರ ದಿನಗೂಲಿಗಿಂತ ತುಂಬ ಕಡಿಮೆ ಬಂದರೆ ಆ ಮಾಲು ಕೈಬಿಡಿ. ಅಮ್ಮ, ಅಕ್ಕ, ಹೆಂಡತಿ ಮಾಡೋ ಕೆಲಸಕ್ಕೆ ಕೂಲಿ ಹಿಡಿಯದೆ "ಲಾಭ ಬಂತು" ಅನ್ನೋದು ಸುಳ್ಳು ಲೆಕ್ಕ.

ನೇಯೋ ಕೈ ಎಲ್ಲಿದೆ?

ದೂರ ಹೋಗಬೇಕಿಲ್ಲ. ನಮ್ಮ ಸೀಮೆಯಲ್ಲಿ ಈಚಲು ಗರಿಯಿಂದ ಚಾಪೆ, ಪೊರಕೆ, ಬುಟ್ಟಿ ಮಾಡೋ ಕೊರಮ, ಕೊರಚ ಕುಟುಂಬಗಳಿವೆ. ಬಿದಿರು ಹೆಣೆಯೋ ಮೇದರಿದ್ದಾರೆ. ಸೀಳೋ ಕತ್ತಿ ಹಿಡಿಯೋದು, ಹೆಣಿಗೆ ಬಿಗಿ ಮಾಡೋದು ಅವರಿಗೆ ತಲೆಮಾರಿನಿಂದ ಬಂದ ವಿದ್ಯೆ. ಅವರ ಹತ್ತಿರ ಇಲ್ಲದೇ ಇರೋದು ಕಚ್ಚಾ ಮಾಲು ಬೆಳೆಯೋ ಜಮೀನು. ನಿಮ್ಮ ಹತ್ತಿರ ಇಲ್ಲದೇ ಇರೋದು ಆ ಕೈ. ಇಬ್ಬರೂ ಸೇರಿದರೆ ಮಾತ್ರ ಇದು ಕಸುಬಾಗುತ್ತೆ.

ಸೇರೋದು ಅಂದರೆ ಅವರನ್ನ ಕೂಲಿಗೆ ಕರೆಯೋದಲ್ಲ. ಮಾರಿದ ಬೆಲೆಯಲ್ಲಿ ಹುಲ್ಲಿಗೆ ಎಷ್ಟು ಪಾಲು, ನೇಯ್ಗೆಗೆ ಎಷ್ಟು ಪಾಲು, ಮಾರಾಟದ ಓಡಾಟಕ್ಕೆ ಎಷ್ಟು ಅಂತ ಮೊದಲೇ ಕೂತು ಬರೆದುಕೊಳ್ಳಿ. ಹೆಚ್ಚು ಗಂಟೆ ದುಡಿಯೋದು ನೇಯೋರು, ದೊಡ್ಡ ಪಾಲು ಅವರಿಗೇ ಇರಲಿ. ಇದು ಧರ್ಮದ ಮಾತಷ್ಟೇ ಅಲ್ಲ, ವ್ಯವಹಾರದ ಮಾತೂ ಹೌದು. ಕೂಲಿ ಗಿಟ್ಟದೆ ಅವರ ಮಕ್ಕಳು ಬೆಂಗಳೂರಿಗೆ ಹೋಗಿಬಿಟ್ಟರೆ ನಿಮ್ಮ ಹುಲ್ಲು ಮತ್ತೆ ಬರೀ ಜೊಂಡೇ.

ನಿಮ್ಮದು ಪೂರ್ತಿ ಬೆದ್ದಲು ಜಮೀನಾದರೆ ಚಾಪೆ ಹುಲ್ಲಿನ ಆಸೆ ಬಿಡಿ. ಹಳ್ಳದ ಬದಿಯಲ್ಲಿರೋ ನಿಮ್ಮ ಈಚಲು ಗಿಡಗಳನ್ನ ಕಡಿದು ಸುಡಬೇಡಿ. ಗರಿ ಬೇಕಾದೋರಿಗೆ ಕೊಡಿ, ಸುಳಿ ಬಿಟ್ಟು ಪಕ್ಕದ ಗರಿ ಮಾತ್ರ ಕೊಯ್ಯೋಕೆ ಹೇಳಿ. ನೀರೇ ಕೇಳದ ನೇಯ್ಗೆ ಬೆಳೆ ಅದು.

ಸರ್ಕಾರದಿಂದ ಏನು ಸಿಗುತ್ತೆ?

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬುಟ್ಟಿ, ಚಾಪೆ, ಪೊರಕೆ ಮಾಡೋರೂ ಇದ್ದಾರೆ. ಯೋಜನೆಯ ನಿಯಮದ ಪ್ರಕಾರ:
- ತರಬೇತಿ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣ ಕೊಳ್ಳೋಕೆ 15,000 ರೂಪಾಯಿವರೆಗೆ ನೆರವು.
- ಆಧಾರ ಇಲ್ಲದೆ ಮೊದಲು 1 ಲಕ್ಷ, ಅದನ್ನ ಸರಿಯಾಗಿ ತೀರಿಸಿದ ಮೇಲೆ 2 ಲಕ್ಷ ರೂಪಾಯಿವರೆಗೆ ಸಾಲ. ಬಡ್ಡಿ ಶೇ. 5.
- 18 ವರ್ಷ ತುಂಬಿರಬೇಕು, ಆ ಕಸುಬನ್ನ ಕೈಯಿಂದ ಮಾಡ್ತಿರಬೇಕು. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಸರ್ಕಾರಿ ನೌಕರರ ಕುಟುಂಬಕ್ಕೆ ಇಲ್ಲ.
- ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಮೊದಲ ಪರಿಶೀಲನೆ ಗ್ರಾಮ ಪಂಚಾಯತಿಯಲ್ಲಿ.

ಗಮನಿಸಿ, ಇದು ನೇಯೋರ ಹಕ್ಕು. ನೀವು ಹುಲ್ಲು ಬೆಳೆಯೋರು ಅಂತ ಅವರ ಜಾಗದಲ್ಲಿ ಹೆಸರು ಹಾಕಿಸಬೇಡಿ. ನಿಮಗೆ ಮೊಬೈಲ್ ಗೊತ್ತು, ಅರ್ಜಿ ತುಂಬೋಕೆ ಅವರಿಗೆ ನೆರವಾಗಿ. ಹೆಂಗಸರ ಗುಂಪು ಇದ್ದರೆ ಸಂಜೀವಿನಿ ಒಕ್ಕೂಟದಲ್ಲೂ ವಿಚಾರಿಸಿ. ಸಾಲ ಮಾತ್ರ ಮೊದಲ ವರ್ಷ ಬೇಡ. ಬಿದಿರು ಗಳು, ದಾರ, ಕತ್ತಿಗೆ ಲಕ್ಷ ರೂಪಾಯಿ ಬೇಕಾಗಲ್ಲ.

ಮಾರೋದು ಎಲ್ಲಿ?

ಹೆದ್ದಾರಿ 48 ಶಿರಾ ಮೇಲೇ ಹೋಗುತ್ತೆ. ದಾರಿ ಬದಿಯ ಹೋಟೆಲಿನವರಿಗೆ ಊಟದ ಹಾಸು, ಯೋಗ ಹೇಳಿಕೊಡೋ ಶಾಲೆಗೆ ಅಳತೆ ಚಾಪೆ, ಮದುವೆ ಮನೆಗೆ ಹೆಸರು ನೇಯ್ದ ಚಾಪೆ, ಹೀಗೆ ಮೊದಲು ಹತ್ತಿರದ ಗಿರಾಕಿ ಹಿಡೀರಿ. ಇಂಟರ್ನೆಟ್ ಮಾರಾಟ ಆಮೇಲೆ. ವಾಟ್ಸಾಪಲ್ಲಿ ಕಳಿಸೋ ಫೋಟೋ ಹಗಲು ಬೆಳಕಲ್ಲಿ ತೆಗೀರಿ. ಮುಂಭಾಗ, ಹಿಂಭಾಗ, ಅಂಚು, ಪಕ್ಕದಲ್ಲಿ ಅಳತೆ ಟೇಪು, ಹೀಗೆ ನಾಲ್ಕು ಫೋಟೋ ಸಾಕು. ಒದ್ದೆ ಆದರೆ ಬಿಸಿಲಲ್ಲಿ ಒಣಗಿಸಿ, ಸುತ್ತಿ ಇಡಿ, ಮಡಚಬೇಡಿ ಅನ್ನೋ ಚೀಟಿ ಪ್ರತಿ ಮಾಲಿಗೂ ಹಾಕಿ.

ಈ ವಾರ ಮಾಡಬೇಕಾದ್ದು ಮೂರೇ ಕೆಲಸ

ಒಂದು, ನಿಮ್ಮ ಜೌಗಿನಲ್ಲಿ ಬೆಳೆದಿರೋ ಹುಲ್ಲಿನ ಕಾಂಡ ಕತ್ತರಿಸಿ ಮೂರು ಮೂಲೆ ಇದೆಯಾ ನೋಡಿ. ಎರಡು, ನಿಮ್ಮೂರ ಸಂತೆಯಲ್ಲಿ ಪೊರಕೆ, ಬುಟ್ಟಿ ಮಾರೋರ ಪಕ್ಕ ಕೂತು, ಅವರಿಗೆ ಗರಿ ಎಲ್ಲಿಂದ ಬರುತ್ತೆ, ದಿನಕ್ಕೆ ಎಷ್ಟು ಗಿಟ್ಟುತ್ತೆ ಕೇಳಿ. ಮೂರು, ಒಂದು ಕಟ್ಟು ಹುಲ್ಲು ಒಣಗಿಸಿ ಅವರ ಕೈಗೆ ಕೊಟ್ಟು ಒಂದು ಅಡಿ ಹಾಸು ಮಾಡಿಸಿ, ಅದಕ್ಕೆ ಕೂಲಿನೂ ಕೊಡಿ. ಆ ಒಂದು ಅಡಿ ನೋಡಿದ ಮೇಲೆ ನಾಟಿ ಮಾಡಬೇಕಾ ಬೇಡವಾ ಅಂತ ನೀವೇ ತೀರ್ಮಾನ ಮಾಡ್ತೀರಿ.